ಪದಬಂಧದ ಮೂರು ಮನೆ, ನಾಲ್ಕು ಹೆಂಗಸರು

ಪದಬಂಧ ಅಂದ್ರೆ ರಿಟೈರ್ ಆದವರ ಟೈಂಪಾಸ್ ಅಂತ ನಾನೂ ಅಂದ್ಕೊಂಡಿದ್ದೆ. ಇಂಜಿನಿಯರಿಂಗ್ ಓದುವಾಗ ಗೊತ್ತಾಯ್ತು, ನಾವು ಫೀಸು ಕಟ್ಟಿ ಕಲಿಯುತ್ತಿದ್ದ ಸರ್ಚ್ ಅಲ್ಗಾರಿದಮ್ಮನ್ನೇ ಅಮ್ಮ ಪ್ರತಿ ಭಾನುವಾರ ಪೆನ್ಸಿಲ್ ಹಿಡಿದು ಮಾಡ್ತಿದ್ರು.

1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಶುರುಮಾಡಿದ ಆಟ ಇದು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲೆಟರ್. ಕನ್ನಡದಲ್ಲಿ ಹಾಗಲ್ಲ, ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿಸಿ. ‘ಸವ್ಯಸಾಚಿ’ಗೆ ನಾಲ್ಕೇ ಮನೆ. ಕಂಪ್ಯೂಟರಿಗೆ ಮಾತ್ರ ಅದು ಎಂಟು ಯೂನಿಕೋಡ್ ಸಂಕೇತ. (ಪದಬಂಧದ ಆ್ಯಪ್ ಬರೆಯಲು ಹೊರಟು ನಾನು ಮುಗ್ಗರಿಸಿದ್ದು ಇಲ್ಲೇ.)

ಇದರಿಂದ ಬಿಡಿಸುವವರಿಗೆ ಲಾಭವಿದೆ. ‘ಅರ್ಜುನ (4)’ ಅಂತ ಸುಳಿವು ಇದೆ ಅನ್ನಿ. ಪಾರ್ಥ, ಕಿರೀಟಿ ಮನೆ ಸಾಲದೆ ಹೋದವು. ಉಳಿದದ್ದು ಧನಂಜಯ, ಸವ್ಯಸಾಚಿ. ಎರಡನೇ ಮನೆಯನ್ನು ಮೇಲಿನಿಂದ ಕೆಳಗೆ ದಾಟುವ ಪದ ‘ಆನಂದ’ ಆದರೆ ‘ನಂ’ ಸಿಕ್ತು, ಧನಂಜಯ. ‘ಕಾವ್ಯ’ ಆದರೆ ‘ವ್ಯ’, ಸವ್ಯಸಾಚಿ. ಒಂದೇ ಅಡ್ಡದಾರಿಯಲ್ಲಿ ತೀರ್ಮಾನ! ಅದಕ್ಕೇ ಸುಳಿವನ್ನೇ ದಿಟ್ಟಿಸುತ್ತ ಕೂರಬೇಡಿ, ದಾಟುವ ಪದಗಳನ್ನು ಮೊದಲು ತುಂಬಿ. ‘ಹಿಂದುಮುಂದಾದ’ ಅಂತ ಕಂಡರೆ ಉತ್ತರವನ್ನು ತಿರುಗಿಸಿ ಬರೆಯಬೇಕು ಅಂತ ಅರ್ಥ.

ಆದರೆ ಧನಂಜಯ ಯಾರು ಅಂತ ಎಲ್ಲರಿಗೂ ಗೊತ್ತಿರಲೇಬೇಕಾ? ಪುರಾಣ, ಸಂಸ್ಕೃತ ಪದಗಳು ‘ಸಾಮಾನ್ಯ ಜ್ಞಾನ’ ಆಗಿರೋ ಮನೆಯಲ್ಲಿ ಬೆಳೆದವರಿಗೆ ಇದು ಸಲೀಸು. ಸಮಾನಾರ್ಥಕ ಪದ ಹುಡುಕುವ ಆಟದಲ್ಲಿ ಸಂಸ್ಕೃತಕ್ಕೆ ಮುಂದಿನ ಸಾಲಿನ ಸೀಟು ಯಾವಾಗಲೂ ಇರುತ್ತೆ. ಕಲಬುರಗಿಯಲ್ಲೋ ಚಾಮರಾಜನಗರದಲ್ಲೋ ದಿನಾ ಬಾಯಲ್ಲಿ ಆಡುವ ಕನ್ನಡ ಬಂದರೆ, ಅದಕ್ಕೆ ‘ಗ್ರಾಮ್ಯ’ ಅಂತ ಚೀಟಿ ಅಂಟಿರುತ್ತೆ.

ಒಂದು ಭಾನುವಾರದ ಸುಳಿವು ‘ಸ್ತ್ರೀ (3)’. ಮಹಿಳೆ, ವನಿತೆ, ಲಲನೆ, ಅಬಲೆ, ನಾಲ್ಕೂ ಹಿಡಿಸುತ್ತವೆ. ಅರ್ಥದಲ್ಲಿ ನಾಲ್ಕೂ ಒಂದೇ ಅಂತ ಪದಬಂಧ ಹೇಳುತ್ತೆ. ಆದರೆ ಕೊನೆಯದಕ್ಕೆ ಬಲವಿಲ್ಲದವಳು ಅಂತ ಅರ್ಥ, ಅದನ್ನು ನಿಘಂಟೂ ಮುಚ್ಚಿಡಲ್ಲ. ಅಮ್ಮ ‘ಮಹಿಳೆ’ ಅಂತ ಬರೆದಿದ್ರು. ನಡುವಿನ ಮನೆಯಿಂದ ಕೆಳಗಿಳಿಯುವ ಪದ ‘ಬಳೆ’. ರಬ್ಬರ್ ತಗೊಂಡು ಅಳಿಸಿದ್ರು. ‘ಬಳೆ’ ತುಂಬಿದ್ರು. ‘ಬ’ದ ಎಡಕ್ಕೂ ಬಲಕ್ಕೂ ಮನೆ ಖಾಲಿ ಬಿಟ್ಟು, ಮುಂದಿನ ಸುಳಿವಿಗೆ ಹೋದ್ರು.