ಅದೇ ನೀರು ಹಿಂದಲೆಗೂ ಬೀಳುತ್ತದಲ್ಲ?

ಕೆಜಿಎಫ್‌ನಲ್ಲಿ ಗಂಡಸರ ಕೂದಲು ಉದುರಿದರೆ ಅಪರಾಧಿಯನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಬೋರ್‌ವೆಲ್ ನೀರು, ಇಲ್ಲವೇ ಸೈನೈಡ್ ಗುಡ್ಡದ ದೂಳು, ಅದೂ ಅಲ್ಲದಿದ್ದರೆ ಹೆಲ್ಮೆಟ್. ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳ ಮುಂದಾಗಲಿ, ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಓಡುವ ಬೆಳಗಿನ ರೈಲಿನಲ್ಲಾಗಲಿ, ಇಪ್ಪತ್ತೈದು ದಾಟಿದ ಹುಡುಗರ ಮಾತು ಹಣೆಯ ಕಡೆ ಹೊರಳಿತೆಂದರೆ ಈ ಮೂರರಲ್ಲಿ ಒಂದು ಬಂದೇ ಬರುತ್ತದೆ. ನೀರು, ದೂಳುಗಳ ಬಗ್ಗೆ ಊರಿನ ದೂರು ಸುಳ್ಳಲ್ಲ. ಆದರೆ ಬೊಕ್ಕತಲೆಯನ್ನು ಅವುಗಳ ಲೆಕ್ಕಕ್ಕೆ ಬರೆಯುವುದು ತಪ್ಪು.

ಹೆಲ್ಮೆಟ್ ವಿಷಯದಲ್ಲಿ ಚಾಂಪಿಯನ್ ರೀಫ್ಸ್‌ಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಇಲ್ಲಿನ ಗಣಿ ಭೂಮಿಯೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ತಳದ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬೀಳುವವರೆಗೂ ಪಾಳಿಗೆ ಪಾಳಿ ಅದೇ ಸೆಕೆ, ಅದೇ ಬೆವರು, ತಲೆಯ ಮೇಲೆ ಹೆಲ್ಮೆಟ್. ಅದರಿಂದ ಕೂದಲು ಹೋಗುವಂತಿದ್ದರೆ ಊರಿಗೆ ಊರೇ ಬೋಳಾಗಬೇಕಿತ್ತು. ಪಿಂಚಣಿ, ಬಾಕಿ ಹಣದ ಮಾತಾಡುತ್ತಾ ಕೂತ ಹಳೆಯ ಕಾರ್ಮಿಕರನ್ನು ನೋಡಿ: ಬೊಕ್ಕತಲೆಯವರೂ ಇದ್ದಾರೆ, ಬೆಳ್ಳಗೆ ದಟ್ಟ ಕೂದಲು ಹೊತ್ತವರೂ ಇದ್ದಾರೆ. ‘ತಲೆಗೆ ಗಾಳಿಯಾಡದೆ ಬೇರು ಸಾಯುತ್ತದೆ’ ಎನ್ನುವ ಮಾತಿಗೂ ಆಧಾರವಿಲ್ಲ. ಕೂದಲಿನ ಬುಡಕ್ಕೆ ಆಮ್ಲಜನಕ ರಕ್ತದಿಂದ ಬರುತ್ತದೆ, ಹೊರಗಿನ ಗಾಳಿಯಿಂದಲ್ಲ. ಕೊಳಕು ಹೆಲ್ಮೆಟ್ ತಲೆಹೊಟ್ಟು, ತುರಿಕೆಯನ್ನು ಕೆರಳಿಸಬಹುದು, ಒಳಗಿನ ಬಟ್ಟೆ ಒಗೆದರೆ ಅದೂ ಮುಗಿಯಿತು. ಬುಡಕ್ಕೆ ನಿಜವಾಗಿ ಕೆಡುಕಾಗುವುದು ಕೂದಲನ್ನು ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದಾಗ. ಈಗ ಜುಟ್ಟು ಬಿಡುವ ಹುಡುಗರು ಇದನ್ನು ಗಮನಿಸಬೇಕು.

ಇನ್ನು ನೀರು. ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಅದು ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ಆಳದ ಬೋರ್‌ವೆಲ್ ನೀರು ಗಡಸು, ಸೋಪು ಹಚ್ಚಿದರೆ ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದೇ ಪೊರೆ ಕೂದಲಿನ ಮೇಲೂ ಕೂರುವುದರಿಂದ ಕೂದಲು ಒರಟಾಗುತ್ತದೆ, ಬಾಚುವಾಗ ಸಿಕ್ಕಿಕೊಂಡು ತುಂಡಾಗುತ್ತದೆ. ಆದರೆ ತುಂಡಾಗುವುದು ಚರ್ಮದಿಂದ ಹೊರಗಿರುವ ಎಳೆ. ಕೂದಲು ಹುಟ್ಟುವ ಕೋಶ ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿದೆ, ಬಕೆಟ್ ನೀರಿನ ಲವಣ ಅದನ್ನು ಮುಟ್ಟುವುದಿಲ್ಲ.

ಇದಕ್ಕೆ ಪ್ರಯೋಗಾಲಯ ಬೇಡ, ಕ್ಷೌರದಂಗಡಿ ಸಾಕು. ಕತ್ತರಿ ಕೆಲಸ ಮುಗಿದ ಮೇಲೆ ಕ್ಷೌರಿಕರು ಸಣ್ಣ ಕನ್ನಡಿಯೊಂದನ್ನು ಹಿಂದೆ ಹಿಡಿದು ತೋರಿಸುತ್ತಾರಲ್ಲ, ಆಗ ಸರಿಯಾಗಿ ನೋಡಿ. ಹಣೆಯ ಎರಡೂ ಮೂಲೆ ಒಳಸರಿದಿರಬಹುದು, ನೆತ್ತಿಯ ಸುಳಿಯಲ್ಲಿ ಚರ್ಮ ಹೊಳೆಯುತ್ತಿರಬಹುದು. ಕಿವಿಯ ಮೇಲಿಂದ ಹಿಂದಲೆಯನ್ನು ಸುತ್ತುವ ಪಟ್ಟಿ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಅದೇ ಬಕೆಟ್ಟಿನ ನೀರು ಹಿಂದಲೆಗೂ ಬಿದ್ದಿದೆ. ಅದೇ ಶಾಂಪೂ, ಅದೇ ದೂಳು, ಅದೇ ಹೆಲ್ಮೆಟ್. ಸಾಲದ್ದಕ್ಕೆ ಅದೇ ಬಚ್ಚಲಲ್ಲಿ ಮೀಯುವ ಹೆಂಡತಿಯ ಜಡೆಗೆ ಏನೂ ಆಗಿಲ್ಲ. ನೀರಿಗೆ ಮುಂದಲೆ ಯಾವುದು, ಹಿಂದಲೆ ಯಾವುದು ಎಂಬ ಭೇದ ಗೊತ್ತಿಲ್ಲ. ಭೇದ ಕೂದಲಿನ ಕೋಶದಲ್ಲೇ ಇದೆ. ಕೂದಲು ಕಸಿ ನಿಂತಿರುವುದೂ ಇದೇ ತಿಳಿವಳಿಕೆಯ ಮೇಲೆ. 1959ರಲ್ಲಿ ನ್ಯೂಯಾರ್ಕ್‌ನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್, ಹಿಂದಲೆಯ ಕೂದಲನ್ನು ಬೋಳಾದ ಜಾಗಕ್ಕೆ ನೆಟ್ಟರೂ ಅದು ತನ್ನ ಹಿಂದಲೆಯ ಗುಣ ಬಿಡುವುದಿಲ್ಲ ಎಂದು ಪ್ರಕಟಿಸಿದರು.

ಸೈನೈಡ್ ಗುಡ್ಡದ ಮಾತು ಸ್ವಲ್ಪ ಬೇರೆ. ಚಿನ್ನ ಬಿಡಿಸಿಕೊಂಡ ಮೇಲೆ ಉಳಿದ ಪುಡಿಬಂಡೆ ಊರಿನ ಸುತ್ತ ದಿಬ್ಬ ದಿಬ್ಬವಾಗಿ ಬಿದ್ದಿದೆ. ಆಷಾಢದ ಗಾಳಿ ಎದ್ದರೆ ಕಿಟಕಿ, ತಟ್ಟೆ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಅದರ ಬಿಳಿ ದೂಳು. ಹೆಸರಿನಲ್ಲಿರುವ ಸೈನೈಡ್ ಬಿಸಿಲು, ಗಾಳಿಗೆ ಬಹುಪಾಲು ಒಡೆದುಹೋಗುವ ವಸ್ತು. ಕಣ್ಣಿಗೂ ಶ್ವಾಸಕೋಶಕ್ಕೂ ಕಾಟ ಕೊಡುವುದು ನುಣ್ಣಗೆ ಅರೆದ ಸಿಲಿಕಾ. ಅದರ ಬಗ್ಗೆ ಗಲಾಟೆ ಮಾಡಿದಷ್ಟೂ ಕಡಿಮೆಯೇ. ಹಾಗಾದರೆ ಮಣ್ಣು, ಆಹಾರಗಳ ವಿಷದಿಂದ ಕೂದಲು ಉದುರುವುದೇ ಇಲ್ಲವೇ? ಉದುರುತ್ತದೆ, ಆದರೆ ಅದರ ಚಹರೆ ಬೇರೆ. 2024ರ ಕೊನೆ, 2025ರ ಆರಂಭದಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳೆನ್ನದೆ ದಿನಗಳೊಳಗೆ ತಲೆ ಬೋಳಾಯಿತು. ಚೇಳಿನ ವಿಷದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ್ ಬಾವಸ್ಕರ್ ಅಲ್ಲಿನ ಪಡಿತರ ಗೋಧಿಯಲ್ಲಿದ್ದ ಅತಿಯಾದ ಸೆಲೆನಿಯಂ ಕಡೆ ಬೊಟ್ಟು ಮಾಡಿದರು. ವಯಸ್ಸು, ಲಿಂಗ ನೋಡದೆ, ಹತ್ತಾರು ಮನೆಗಳಲ್ಲಿ, ಏಕಕಾಲಕ್ಕೆ ಹೀಗಾದರೆ ಅದು ಪರಿಸರದ ಕೆಲಸ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಒಬ್ಬನ ಹಣೆ ಹತ್ತು ವರ್ಷದಲ್ಲಿ ಮೆಲ್ಲಗೆ ಮೇಲೇರಿದರೆ ಅಲ್ಲ.

ಜನ ಹೆದರುವುದು ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ನೋಡಿ. ಅದರ ತುದಿಯಲ್ಲಿ ಬಿಳಿಯ ಸಣ್ಣ ಗಂಟೊಂದು ಕಾಣುತ್ತದೆ, ‘ಬೇರು ಸಮೇತ ಬಂತು, ಇನ್ನು ಹುಟ್ಟಲ್ಲ’ ಎಂದು ಎದೆ ಧಸಕ್ಕೆನ್ನುತ್ತದೆ. ಅದು ಬೇರಲ್ಲ. ಬೆಳವಣಿಗೆ ಮುಗಿಸಿ ವಿಶ್ರಾಂತಿಗೆ ಹೋದ ಕೂದಲಿನ ಬುಡ ಹಾಗೆಯೇ ಇರುತ್ತದೆ. ಕೋಶ ಚರ್ಮದೊಳಗೇ ಉಳಿದು ಮತ್ತೊಂದನ್ನು ಹುಟ್ಟಿಸುತ್ತದೆ. ಲೆಕ್ಕ ಹಾಕಿ ನೋಡಿ: ತಲೆಯಲ್ಲಿ ಸುಮಾರು 1 ಲಕ್ಷ ಕೂದಲು, ಯಾವುದೇ ಹೊತ್ತಿನಲ್ಲಿ ಅದರ ಹತ್ತನೇ ಒಂದು ಭಾಗ ವಿಶ್ರಾಂತಿಯಲ್ಲಿ, ಆ ವಿಶ್ರಾಂತಿ ಸುಮಾರು 100 ದಿನ. ದಿನಕ್ಕೆ 50ರಿಂದ 100 ಉದುರುವುದು ಹೀಗೆ ಸಹಜವಾಯಿತು. ಗಂಟಿಲ್ಲದೆ ಮೊಂಡಾಗಿ ತುಂಡಾದ ಎಳೆಗಳೇ ಹೆಚ್ಚಿದ್ದರೆ ಮಾತ್ರ ಗಡಸು ನೀರನ್ನೋ ಬಣ್ಣವನ್ನೋ ಅನುಮಾನಿಸಿ.

ಗಂಡಸರ ಬೊಕ್ಕತಲೆಯ ನಿಜವಾದ ಗುರುತು ಉದುರುವುದಕ್ಕಿಂತ ಹೆಚ್ಚಾಗಿ ಸಣ್ಣಗಾಗುವುದು. ಮುಂದಲೆಯದೊಂದು, ಹಿಂದಲೆಯದೊಂದು ಕೂದಲನ್ನು ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಡಿ. ಮುಂದಲೆಯದು ನವುರಾಗಿ, ಗಿಡ್ಡವಾಗಿ, ಬಣ್ಣಗೆಟ್ಟಿದ್ದರೆ ಕೆಲಸ ಶುರುವಾಗಿದೆ. ಪ್ರತಿ ಸುತ್ತಿನಲ್ಲೂ ಕೋಶ ಕುಗ್ಗುತ್ತಾ, ಬೆಳೆಯುವ ಅವಧಿ ವರ್ಷಗಳಿಂದ ತಿಂಗಳಿಗೆ ಇಳಿಯುತ್ತದೆ, ಕೊನೆಗೆ ಉಳಿಯುವುದು ಕಣ್ಣಿಗೆ ಕಾಣದ ನವಿರು. ಹದಿಹರೆಯದ ದುಂಡು ಹಣೆಗೆರೆ ಇಪ್ಪತ್ತರ ಆಸುಪಾಸು ಒಂದು ಸೆಂಟಿಮೀಟರಿನಷ್ಟು ಮೇಲೆ ಸರಿಯುವುದು ಮಾತ್ರ ಬಹುಪಾಲು ಗಂಡಸರಲ್ಲಿ ಆಗುವಂಥದ್ದು, ಅದಕ್ಕೇ ಎಣ್ಣೆ ಅಂಗಡಿಗೆ ಓಡಬೇಡಿ.

ಕೋಶ ಕುಗ್ಗಿಸುವುದು ಟೆಸ್ಟೊಸ್ಟಿರೋನ್‌ನಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನು. ಇಲ್ಲಿಂದಲೇ ಇನ್ನೊಂದು ನಂಬಿಕೆ: ‘ಬೊಕ್ಕತಲೆಯವನಿಗೆ ಗಂಡಸುತನ ಜಾಸ್ತಿ’. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಇದರ ಅರ್ಧ ಸತ್ಯವನ್ನೂ ಅರ್ಧ ಸುಳ್ಳನ್ನೂ ಬೇರ್ಪಡಿಸಿದರು. ಪ್ರಾಯಕ್ಕೆ ಮುಂಚೆ ವೃಷಣ ಕಳೆದುಕೊಂಡವರ ತಲೆ ಬೋಳಾಗಿರಲಿಲ್ಲ. ಅವರಿಗೆ ಟೆಸ್ಟೊಸ್ಟಿರೋನ್ ಕೊಟ್ಟಾಗ, ಮನೆತನದಲ್ಲಿ ಬೊಕ್ಕತಲೆ ಇದ್ದವರ ಕೂದಲು ಹೋಯಿತು, ಇಲ್ಲದವರದು ಹೋಗಲಿಲ್ಲ. ಎಂದರೆ ಹಾರ್ಮೋನು ಇರಲೇಬೇಕು, ಆದರೆ ಅದರ ಪ್ರಮಾಣಕ್ಕಿಂತ ಕೋಶಕ್ಕೆ ಅದು ಎಷ್ಟು ನಾಟುತ್ತದೆ ಎಂಬುದೇ ಮುಖ್ಯ. ಬೊಕ್ಕತಲೆಯವರ ರಕ್ತದಲ್ಲಿ ಟೆಸ್ಟೊಸ್ಟಿರೋನ್ ಸಾಮಾನ್ಯವಾಗಿ ಎಲ್ಲರಷ್ಟೇ ಇರುತ್ತದೆ. ಜಿಮ್‌ನಲ್ಲಿ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವವರದು ಬೇರೆ ಕಥೆ. ಒಲವಿರುವ ತಲೆಯಲ್ಲಿ ಅದು ಬೇಗನೆ ಕೆಲಸ ಮುಗಿಸುತ್ತದೆ.

‘ಸೋದರಮಾವನ ತಲೆ ನೋಡಿದರೆ ಸಾಕು’ ಎನ್ನುವುದರಲ್ಲೂ ಒಂದಿಷ್ಟು ಸತ್ಯವಿದೆ. ಈ ಹಾರ್ಮೋನನ್ನು ಹಿಡಿಯುವ ಗ್ರಾಹಕದ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡು ಮಕ್ಕಳಿಗೆ ಅದು ತಾಯಿಯಿಂದಲೇ ಬರುತ್ತದೆ. ಆದರೆ 2017ರಲ್ಲಿ ಬ್ರಿಟನ್ನಿನ 52,000ಕ್ಕೂ ಹೆಚ್ಚು ಗಂಡಸರನ್ನು ಅಭ್ಯಸಿಸಿದಾಗ ಬೊಕ್ಕತಲೆಗೆ ತಳುಕು ಹಾಕಿಕೊಂಡ 287 ಆನುವಂಶಿಕ ತಾಣಗಳು ಸಿಕ್ಕವು, ಅವುಗಳಲ್ಲಿ ಎಕ್ಸ್ ಕ್ರೋಮೋಸೋಮಿನವು 40 ಮಾತ್ರ. ಉಳಿದದ್ದಕ್ಕೆ ಅಪ್ಪನೂ ಪಾಲುದಾರ. ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಕಡೆಯ ಮನೆಗಳಲ್ಲಂತೂ ತಾಯಿ ಕಡೆ, ತಂದೆ ಕಡೆ ಎಂದು ಗೆರೆ ಎಳೆಯುವುದೇ ಕಷ್ಟ.

ಬೊಕ್ಕತಲೆ ಐಶ್ವರ್ಯದ ಲಕ್ಷಣವಂತೆ. ಸುಮಾರು 800 ಟನ್ ಚಿನ್ನ ಎತ್ತಿಕೊಟ್ಟ ಊರಿನಲ್ಲಿ ಕೂತು ಇದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ. ತಿರುಪತಿಯಲ್ಲಿ ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದೆ ಎಂಬುದೂ ಭ್ರಮೆ. ಕತ್ತರಿಸಿದ ಮೊಂಡು ತುದಿ ಕೈಗೆ ಗಟ್ಟಿಯಾಗಿ ತಗಲುತ್ತದೆ ಅಷ್ಟೆ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ವಿಜ್ಞಾನಿ ಬೋಳಿಸಿದ ಕೂದಲನ್ನು ಅಳೆದು, ದಪ್ಪವೂ ಬೆಳವಣಿಗೆಯ ವೇಗವೂ ಬದಲಾಗುವುದಿಲ್ಲವೆಂದು ತೋರಿಸಿದ್ದರು. ಮುಡಿ ಭಕ್ತಿಗಿರಲಿ.

ಇದ್ದಕ್ಕಿದ್ದಂತೆ ಹಿಡಿ ಹಿಡಿ ಕೂದಲು ಕೈಗೆ ಬಂದರೆ ಕ್ಯಾಲೆಂಡರ್ ತೆಗೆದು ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ. ಡೆಂಗಿ, ಟೈಫಾಯ್ಡ್, ಕೋವಿಡ್, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಏನಾದರೊಂದು ಸಿಗುತ್ತದೆ. ದೇಹ ಸಂಕಟದಲ್ಲಿದ್ದಾಗ ಬೆಳೆಯುತ್ತಿದ್ದ ಕೂದಲುಗಳು ಒಟ್ಟಾಗಿ ವಿಶ್ರಾಂತಿಗೆ ಹೋಗಿ, ವಿಶ್ರಾಂತಿ ಮುಗಿದಾಗ ಒಟ್ಟಾಗಿಯೇ ಉದುರುತ್ತವೆ. ಮಳೆಗಾಲದ ಜ್ವರಕ್ಕೆ ದೀಪಾವಳಿಯಲ್ಲಿ ಕೂದಲು ಉದುರಿದಾಗ ಜ್ವರ ಮರೆತೇಹೋಗಿರುತ್ತದೆ, ವಾರದ ಹಿಂದೆ ಬದಲಾಯಿಸಿದ ಶಾಂಪೂ ಸಿಕ್ಕಿಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈ ಉದುರುವಿಕೆ ತಲೆಯ ತುಂಬ ಸಮನಾಗಿರುತ್ತದೆ, ಹಿಂದಲೆಯನ್ನೂ ಬಿಡುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಥೈರಾಯ್ಡ್, ರಕ್ತದ ಕಬ್ಬಿಣಾಂಶ ನೋಡಿಸಬೇಕು. ಆ ಪರೀಕ್ಷೆಗೆ ಹೋಗುವ ಮುಂಚೆ ‘ಕೂದಲಿನ ವಿಟಮಿನ್’ ಎಂದು ಬಯೋಟಿನ್ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ, ಅದು ಥೈರಾಯ್ಡ್ ವರದಿಯನ್ನೇ ತಲೆಕೆಳಗು ಮಾಡಬಲ್ಲದು. ಅಂದಹಾಗೆ, ಬಯೋಟಿನ್ ಕೊರತೆ ಸರಿಯಾಗಿ ಉಣ್ಣುವವರಲ್ಲಿ ತೀರಾ ಅಪರೂಪ.

ನಾಣ್ಯದಗಲ ಗುಂಡಗೆ, ನುಣ್ಣಗೆ, ತಲೆಯಲ್ಲೋ ಗಡ್ಡದಲ್ಲೋ ಕೂದಲು ಹೋದರೆ ‘ಹುಳ ತಿಂದಿದೆ’ ಎನ್ನುತ್ತಾರೆ. ಕೆಜಿಎಫ್‌ನ ತಮಿಳು ಮನೆಗಳಲ್ಲೂ ‘ಪುಳುವೆಟ್ಟು’, ಅಲ್ಲೂ ಹುಳವೇ. ಹುಳ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೂದಲಿನ ಕೋಶದ ಮೇಲೆ ಬೀಳುವ ಕಾಯಿಲೆ ಇದು, ಅಂಟುವುದಿಲ್ಲ, ಬಾಚಣಿಗೆ ಬೇರೆ ಇಡಬೇಕಾಗಿಲ್ಲ. ಇದಕ್ಕೆ ಗುಲಗಂಜಿ ಅರೆದು ತಿಕ್ಕುವ ಮದ್ದು ಹಳೆಯದು. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಅದೇ ಕೆಂಪು ಕಾಳು. ಅದರೊಳಗಿನ ಅಬ್ರಿನ್ ಭಯಂಕರ ವಿಷ: ಅರೆದ ಕಾಳು ಮಗುವಿನ ಬಾಯಿಗೆ ಹೋದರೆ ಜೀವಕ್ಕೇ ಅಪಾಯ, ಕೆರೆದ ಚರ್ಮಕ್ಕೆ ಹಚ್ಚಿದರೆ ಬೊಬ್ಬೆ. ಒಂದೆರಡು ಸಣ್ಣ ಮಚ್ಚೆಗಳಿದ್ದರೆ ಸುಮಾರು ಅರ್ಧ ಜನರಿಗೆ ವರ್ಷದೊಳಗೆ ಏನೂ ಮಾಡದೆಯೂ ಕೂದಲು ಮರಳುತ್ತದೆ. ಗುಲಗಂಜಿಗೆ ಹೆಸರು ಬಂದದ್ದು ಹೀಗೆ. ಮಚ್ಚೆಗಳು ಹೆಚ್ಚುತ್ತಿದ್ದರೆ ಚರ್ಮವೈದ್ಯರು ಜಾಗಕ್ಕೇ ಕೊಡುವ ಚುಚ್ಚುಮದ್ದು ಇದೆ. ಮಕ್ಕಳ ತಲೆಯಲ್ಲಿ ಪೊರೆ ಏಳುವ, ಕೂದಲು ತುಂಡಾದ ಮಚ್ಚೆ ಕಂಡರೆ ಅದು ಶಿಲೀಂಧ್ರ. ಅದು ಅಂಟುತ್ತದೆ, ಅದಕ್ಕೆ ಮಾತ್ರೆಯೇ ಬೇಕು. ಕೆಂಪಗಾಗಿ, ನೋವಾಗಿ, ಕೀವಾಗಿ ಕೂದಲು ಹೋಗುತ್ತಿದ್ದರೆ ಕಾಯಬೇಡಿ, ಗಾಯದ ಕಲೆ ಕಟ್ಟಿದ ಕೋಶ ಮತ್ತೆ ಹುಟ್ಟುವುದಿಲ್ಲ.

ಎಣ್ಣೆಯ ಮಾತಿಲ್ಲದೆ ಈ ಪುರಾಣ ಮುಗಿಯುವುದಿಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ‘ಆದಿವಾಸಿ ಎಣ್ಣೆ’ ಈಗ ಮೊಬೈಲ್ ಮೊಬೈಲಿನಲ್ಲೂ ಇದೆ. ತಲತಲಾಂತರದಿಂದ ಅಲೆದು ಬದುಕಿದ ಸಮುದಾಯಕ್ಕೆ ನಾಲ್ಕು ಕಾಸು ಸಿಗುತ್ತಿರುವುದಕ್ಕೆ ನನ್ನ ತಕರಾರಿಲ್ಲ, ಉದ್ದ ಕೂದಲಿನ ವಿಡಿಯೊ ನೋಡಿ ಬೊಕ್ಕತಲೆ ಚಿಗುರುತ್ತದೆಂದು ನಂಬುವುದಕ್ಕೆ ಇದೆ. ಎಣ್ಣೆ, ಅದರಲ್ಲೂ ಕೊಬ್ಬರಿ ಎಣ್ಣೆ, ಇರುವ ಕೂದಲನ್ನು ತುಂಡಾಗದಂತೆ ಕಾಯಬಹುದು. ಕುಗ್ಗಿದ ಕೋಶವನ್ನು ಹಿಗ್ಗಿಸುವುದಿಲ್ಲ. ಬೊಕ್ಕತಲೆ ವಾಸಿ ಮಾಡುತ್ತೇವೆ, ಹೊಸ ಕೂದಲು ಹುಟ್ಟಿಸುತ್ತೇವೆ ಎಂದು ಔಷಧಿಯ ಮೇಲೆ ಬರೆದುಕೊಳ್ಳುವಂತಿಲ್ಲ ಎಂದು ನಮ್ಮ ಔಷಧ ನಿಯಮಗಳ ‘ಜೆ’ ಅನುಸೂಚಿ ಹೇಳುತ್ತದೆ. ಬಾಟಲಿಗಳು ಅದನ್ನು ಓದಿಕೊಂಡಂತಿಲ್ಲ.

ಗಂಡಸರ ಬೊಕ್ಕತಲೆಗೆ ಪುರಾವೆಯಿರುವ ಮುಖ್ಯ ಔಷಧಿ ಎರಡು. ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆ ರೋಮ ಹೆಚ್ಚಿದ್ದು ಕಂಡು ತಲೆಗೆ ಹಚ್ಚುವ ದ್ರಾವಣವಾಯಿತು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಚ್ಚಿದ ಮೊದಲ ವಾರಗಳಲ್ಲಿ ಹಳೆಯ ಕೂದಲು ಜಾಗ ಬಿಡುವುದರಿಂದ ಉದುರುವುದು ಹೆಚ್ಚುತ್ತದೆ, ಬಹಳ ಜನ ಅಲ್ಲಿಗೇ ಬಾಟಲಿ ಎಸೆಯುತ್ತಾರೆ. ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದು ಹೋಗುತ್ತದೆ. ಡಿಎಚ್‌ಟಿ ತಗ್ಗಿಸುವ ಫಿನಾಸ್ಟರೈಡ್ 1997ರಲ್ಲಿ ಕೂದಲಿಗೆಂದು ಬಂತು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಿಸುತ್ತದೆ, ಹಾಗಾಗಿ ಗೆಳೆಯನ ಚೀಟಿ ತೋರಿಸಿ ಕೊಳ್ಳುವ ಮಾತ್ರೆ ಇದಲ್ಲ. ಇನ್ನೊಂದು ತೊಡಕೂ ಇದೆ: ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡುವ ಪಿಎಸ್‌ಎ ರಕ್ತ ಪರೀಕ್ಷೆಯ ಅಂಕಿಯನ್ನು ಇದು ಹೆಚ್ಚು ಕಡಿಮೆ ಅರ್ಧಕ್ಕಿಳಿಸುತ್ತದೆ. ಐವತ್ತು ದಾಟಿದವರು ಆ ಪರೀಕ್ಷೆಗೆ ಹೋದಾಗ ಬಿಪಿ, ಶುಗರ್ ಮಾತ್ರೆಗಳ ಜೊತೆಗೆ ಕೂದಲಿನ ಮಾತ್ರೆಯ ಹೆಸರನ್ನೂ ನಾಚಿಕೆ ಬಿಟ್ಟು ಹೇಳಬೇಕು.