ಮೊದಲು ಬಂದವನ ಮಾತಿರಲಿ, ಕೊನೆಗೆ ಬಂದವನನ್ನು ನೋಡಿ!

ಬೆಳಗಿನ ಮೊದಲ ಬಸ್ಸಿಗೆ ಹೋಗುವವರಿಗೆ ಈ ನೋಟ ಹೊಸದಲ್ಲ. ಹಾಲಿನ ವ್ಯಾನು ಇನ್ನೂ ಬಂದಿರುವುದಿಲ್ಲ. ಹೋಟೆಲಿನವನು ಆಗ ತಾನೇ ಒಲೆ ಹಚ್ಚಿರುತ್ತಾನೆ. ಅಷ್ಟರಲ್ಲಿ ತಲೆಗೆ ಹೆಲ್ಮೆಟ್ಟು, ಮೈಗೆ ಅಂಟಿದ ಬಟ್ಟೆ ಹಾಕಿಕೊಂಡು, ಸೈಕಲ್ಲಿನ ಮೇಲೆ ಬಗ್ಗಿ ಕೂತವನೊಬ್ಬ ಹೈವೇ ಕಡೆಗೆ ಸರ್ರನೆ ಹೋಗುತ್ತಾನೆ.

"ಯಾರ್ರೀ ಅದು?"

"ಬ್ಯಾಂಕಲ್ಲಿದಾನಲ್ಲ, ಅವನೇ ಕಣ್ರೀ. ಅದೇನೋ ಟ್ರಯಥ್ಲಾನ್ ಅಂತೆ. ಈಜೋದು, ಸೈಕಲ್ ತುಳಿಯೋದು, ಓಡೋದು. ಮೂರೂ ಒಂದೇ ದಿನ."

"ಗೆದ್ರೆ ಎಷ್ಟು ಕೊಡ್ತಾರೆ?"

"ಕೊಡೋದೆಲ್ಲಿ ಬಂತು! ಇವನೇ ಕಟ್ಟಬೇಕಂತೆ!"

ಅಲ್ಲಿಗೆ ಮಾತು ನಗೆಯಲ್ಲಿ ಮುಗಿಯುತ್ತದೆ, ಬಸ್ಸು ಬರುತ್ತದೆ. ನಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ದುಡ್ಡು ಬರುವುದಿಲ್ಲ, ಗೆಲ್ಲುವ ಆಸೆಯೂ ಇಲ್ಲ. ಮತ್ತೆ ಯಾಕ್ರೀ ಈ ಪಾಡು? ಇಂದಿನ ಅಂಕಣ ಈ ಪ್ರಶ್ನೆಗೇ ಮೀಸಲು.

ಹಾಸನದ ಬಸ್ಸಿನ ಲೆಕ್ಕ

ಮೊದಲು ದೂರ ತಿಳಿಯೋಣ. ಪೂರ್ಣ ಪ್ರಮಾಣದ ದೂರದ ಟ್ರಯಥ್ಲಾನ್ ಎಂದರೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ 42.2 ಕಿಲೋಮೀಟರ್ ಓಟ.

ಬಸ್ಸಿನಲ್ಲಿ ಓಡಾಡುವವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಬೆಂಗಳೂರಿನಲ್ಲಿ ಹಾಸನದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಯಡಿಯೂರು ಬರುವಷ್ಟರಲ್ಲಿ ಸೊಂಟ ಹಿಡಿಯುತ್ತದೆ, ಅಲ್ಲವೇ? ಆ ಪುಣ್ಯಾತ್ಮ ಮೊದಲು ಸುಮಾರು ನಾಲ್ಕು ಕಿಲೋಮೀಟರ್ ಈಜಿ, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ಹಾಸನದಷ್ಟು ದೂರ ತುಳಿಯುತ್ತಾನೆ. ಹಾಸನದಲ್ಲಿ ಸೈಕಲ್ ಇಟ್ಟು ಬೇಲೂರಿನ ತನಕ ಓಡುತ್ತಾನೆ. ನಡುವೆ ನಿದ್ದೆ ಇಲ್ಲ, ಮಾರನೆಯ ದಿನಕ್ಕೆ ಮುಂದೂಡುವಂತಿಲ್ಲ. ಬಟ್ಟೆ ಬದಲಿಸುವಾಗಲೂ ಗಡಿಯಾರ ನಿಲ್ಲುವುದಿಲ್ಲ!

ಈಜು ಮೊದಲೇ ಯಾಕೆ? ಕಾರಣ ಸರಳ. ಸುಸ್ತಾದವನು ರಸ್ತೆಯಲ್ಲಾದರೆ ಕೂತುಕೊಳ್ಳಬಹುದು, ನೀರಿನಲ್ಲಿ ಕೂರಲಾಗುವುದಿಲ್ಲ.

ಇನ್ನೊಂದು ನಿಯಮ ಕೇಳಿ. ಇಂಥ ದೂರದ ಸ್ಪರ್ಧೆಗಳಲ್ಲಿ ಮುಂದಿನ ಸೈಕಲ್ಲಿನ ಬೆನ್ನಿಗೆ ಅಂಟಿಕೊಂಡು ಹೋಗುವಂತಿಲ್ಲ. ಲಾರಿಯ ಹಿಂದೆ ಸೈಕಲ್ ಬಿಟ್ಟ ಹಳೆಯ ಹುಲಿಗಳಿಗೆ ಗೊತ್ತು, ಎದುರುಗಾಳಿ ತಪ್ಪಿದರೆ ತುಳಿತ ಎಷ್ಟು ಹಗುರ ಅಂತ. ಆ ಸುಖ ಇಲ್ಲಿಲ್ಲ. ತನ್ನ ಗಾಳಿಯನ್ನು ತಾನೇ ಸೀಳಬೇಕು.

ಎಲ್ಲ ಶುರುವಾದದ್ದು ಒಂದು ವಾದದಿಂದ

ಈ ಹುಚ್ಚಿನ ತವರು ಅಮೆರಿಕದ ಹವಾಯಿ ದ್ವೀಪ. 1977ರಲ್ಲಿ ಅಲ್ಲೊಂದು ಓಟದ ಬಹುಮಾನ ಸಮಾರಂಭ ನಡೆದಿತ್ತು. ಓಟಗಾರ ಗಟ್ಟಿಯೋ, ಈಜುಗಾರ ಗಟ್ಟಿಯೋ ಎಂದು ವಾದ ಎದ್ದಿತು. ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ನಡುವೆ ಬಾಯಿ ಹಾಕಿ, "ಇಬ್ಬರೂ ಅಲ್ಲ, ಸೈಕಲ್ಲಿನವನೇ ಗಟ್ಟಿ" ಎಂದ. ನಮ್ಮ ಅರಳಿಕಟ್ಟೆಯಲ್ಲಾದರೆ ಕಾಫಿಯೊಂದಿಗೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿ ಮುಗಿಯಲಿಲ್ಲ.

ಆ ದ್ವೀಪದಲ್ಲಿ ಅದಾಗಲೇ ಒಂದು ಸಮುದ್ರ ಈಜು, ಒಂದು ಸೈಕಲ್ ಸುತ್ತು, ಒಂದು ಮ್ಯಾರಥಾನ್ ಬೇರೆ ಬೇರೆಯಾಗಿ ನಡೆಯುತ್ತಿದ್ದವು. ಮೂರನ್ನೂ ಒಂದೇ ದಿನಕ್ಕೆ ಪೋಣಿಸಿದರು. ಸೈಕಲ್ ದಾರಿ 115 ಮೈಲಿ ಇತ್ತು. ಮ್ಯಾರಥಾನ್ ಶುರುವಾಗುವ ಜಾಗಕ್ಕೆ ಸರಿಯಾಗಿ ಮುಗಿಯಲೆಂದು ಅದರಲ್ಲಿ ಮೂರು ಮೈಲಿ ಕತ್ತರಿಸಿ 112 ಮಾಡಿದರು. ಇವತ್ತು ಲೋಕವೆಲ್ಲ ಮಂತ್ರದಂತೆ ಹೇಳುವ 180 ಕಿಲೋಮೀಟರ್ ಹುಟ್ಟಿದ್ದು ಹೀಗೆ. ಯಾವ ವಿಜ್ಞಾನಿಯೂ ಅಳೆದು ತೂಗಿ ಇಟ್ಟ ಲೆಕ್ಕವಲ್ಲ!

ಮೊದಲು ಮುಗಿಸಿದವನಿಗೆ 'ಐರನ್‌ಮ್ಯಾನ್', ಅಂದರೆ ಕಬ್ಬಿಣದ ಮನುಷ್ಯ ಎಂಬ ಬಿರುದು. ಬಹುಮಾನದ ದುಡ್ಡು ಇಲ್ಲ. ಮುಗಿಸಿದರೆ ಬದುಕಿರುವ ತನಕ ಜಂಬ ಕೊಚ್ಚಿಕೊಳ್ಳಬಹುದು ಎಂಬುದಷ್ಟೇ ಆಮಿಷ. ಟ್ರೋಫಿಯನ್ನು ಕಾಲಿನ್ಸ್ ಪೈಪು, ನಟ್ಟು ಜೋಡಿಸಿ ಕೈಯಾರೆ ಮಾಡಿದ.

ಟ್ಯಾಕ್ಸಿ ಓಡಿಸುವವ, ಬಾರಿನ ಮಾಲೀಕ

1978ರ ಫೆಬ್ರವರಿ 18ರ ಬೆಳಿಗ್ಗೆ ಸಮುದ್ರಕ್ಕೆ ಇಳಿದವರು 15 ಜನ. ಮುಗಿಸಿದವರು 12. ಒಬ್ಬೊಬ್ಬರಿಗೂ ನೀರು, ತಿಂಡಿ ಹೊತ್ತ ತಮ್ಮದೇ ಕಡೆಯವರು. ಓಟದಲ್ಲಿ ಮುಂದಿದ್ದ ಜಾನ್ ಡನ್‌ಬಾರ್‌ನ ಕಡೆಯವರ ಬಳಿ ನೀರು ಮುಗಿದು ಹೋಗಿ ಅವನಿಗೆ ಬಿಯರ್ ಕೊಟ್ಟರು. ಫಲ ಏನಾಯಿತು? ಗಾರ್ಡನ್ ಹಾಲರ್ ಹಿಂದಿನಿಂದ ಬಂದು, 11 ಗಂಟೆ 46 ನಿಮಿಷಕ್ಕೆ ಮುಗಿಸಿ ಮೊದಲಿಗನಾದ. ಅವನು ಟ್ಯಾಕ್ಸಿ ಓಡಿಸುತ್ತಿದ್ದವ.

ಮರುವರ್ಷ, 1979ರಲ್ಲಿ ಗೆದ್ದ ಟಾಮ್ ವಾರೆನ್ ಸ್ಯಾನ್ ಡಿಯೇಗೋ ಊರಿನಲ್ಲಿ ಬಾರ್ ನಡೆಸುತ್ತಿದ್ದವ. ಅದೇ ವರ್ಷ ಲಿನ್ ಲೆಮೇರ್ ಎಂಬಾಕೆ ಈ ಸ್ಪರ್ಧೆ ಮುಗಿಸಿದ ಮೊದಲ ಹೆಂಗಸಾದಳು. ಗಂಡಸರೂ ಸೇರಿ ಎಲ್ಲರ ಲೆಕ್ಕದಲ್ಲಿ ಐದನೆಯವಳು!

ಇನ್ನೊಂದು ವಿಷಯ ಗಮನಿಸಿ. ಸ್ಪರ್ಧೆ ಕಟ್ಟಿದ ಕಾಲಿನ್ಸ್ ತಾನೂ ಆ ಮೊದಲ ವರ್ಷ ಇಳಿದಿದ್ದ. ಅವನು ಮುಗಿಸಿದ್ದು 17 ಗಂಟೆ 38 ಸೆಕೆಂಡಿಗೆ. ಕಟ್ಟಕಡೆಯವನು ಮುಗಿಸಿದಾಗ 21 ಗಂಟೆ ದಾಟಿತ್ತು. ಆಗ ಕಾಲಮಿತಿ ಇರಲಿಲ್ಲ. ಮುಂದೆ ಬಂದ ನಿಯಮದಂತೆ ಸಾಮಾನ್ಯವಾಗಿ 17 ಗಂಟೆಗೆ ಬಾಗಿಲು ಮುಚ್ಚುತ್ತದೆ. ಆ ಲೆಕ್ಕ ಹಿಡಿದರೆ ಸ್ಪರ್ಧೆ ಹುಟ್ಟು ಹಾಕಿದವನೇ 38 ಸೆಕೆಂಡಿನಿಂದ ನಪಾಸು!

ತೆವಳಿ ಬಂದ ಹುಡುಗಿ

1981ರಲ್ಲಿ ಸ್ಪರ್ಧೆ ಅದೇ ಹವಾಯಿಯ ದೊಡ್ಡ ದ್ವೀಪದ ಕೋನಾ ಎಂಬ ಊರಿಗೆ ಹೋಯಿತು. ಲಾವಾ ಕಲ್ಲಿನ ಬಯಲು, ಸುಡು ಬಿಸಿಲು, ಅಡ್ಡಗಾಳಿ. 1982ರ ಫೆಬ್ರವರಿಯಲ್ಲಿ ಜೂಲಿ ಮಾಸ್ ಎಂಬ 23ರ ವಿದ್ಯಾರ್ಥಿನಿ ಅಲ್ಲಿಗೆ ಬಂದಳು. ತನ್ನ ಕಾಲೇಜಿನ ಪ್ರಬಂಧಕ್ಕೆ ವಿಷಯ ಸಿಗಲಿ ಎಂದು ಇಳಿದವಳು ಹೆಂಗಸರಲ್ಲಿ ಎಲ್ಲರಿಗಿಂತ ಮುಂದೆ ಬಂದುಬಿಟ್ಟಳು. ಆದರೆ ಗುರಿ ಕಣ್ಣೆದುರಿಗೆ ಇರುವಾಗ ಕಾಲು ಸೋತು ಬಿದ್ದಳು. ಎದ್ದಳು, ಮತ್ತೆ ಬಿದ್ದಳು. ಕೆಲವೇ ಗಜ ಬಾಕಿ ಇರುವಾಗ ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಲ್ಲೇ ಓಡಿ ಹೋಗಿ ಗೆದ್ದಳು. ಜೂಲಿ ನಿಲ್ಲಲಿಲ್ಲ. ಕೈ ಮೊಣಕಾಲು ಊರಿ ತೆವಳಿಕೊಂಡು 29 ಸೆಕೆಂಡು ತಡವಾಗಿ ಗೆರೆ ಮುಟ್ಟಿದಳು.

ಅಮೆರಿಕದ ಟಿವಿಯಲ್ಲಿ ಅದನ್ನು ನೋಡಿದ ಜನ ದಂಗಾದರು. ಗೆದ್ದವಳಿಗಿಂತ ತೆವಳಿದವಳ ಹೆಸರೇ ಹೆಚ್ಚು ಹರಡಿತು. "ನಾನೂ ಒಮ್ಮೆ ಮುಗಿಸಬೇಕು" ಎಂದು ಸಾಮಾನ್ಯ ಜನ ಸಾಲು ನಿಂತದ್ದು ಆಮೇಲೆ. ಇಲ್ಲಿ ಮುಗಿಸುವುದೇ ಗೆಲುವು ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು.

ಗಡಿಯಾರವೇ ಎದುರಾಳಿ

ಮುಂದೆ ಓಡುವ ನಾಲ್ಕಾರು ಜನ ವೃತ್ತಿಯವರು. ಅವರಿಗೆ ಸಂಭಾವನೆ, ಕಂಪನಿಗಳ ಬೆಂಬಲ ಇರುತ್ತದೆ. ಅವರ ಮಾತು ಬಿಡಿ. ಉಳಿದವರೆಲ್ಲ ಗುಮಾಸ್ತರು, ಮೇಷ್ಟ್ರು, ಡಾಕ್ಟರು, ಅಂಗಡಿಯವರು. ಇವರ ಎದುರಾಳಿ ಪಕ್ಕದವನಲ್ಲ, ಗಡಿಯಾರ. ಸಾಮಾನ್ಯವಾಗಿ ಈಜಿಗೆ 2 ಗಂಟೆ 20 ನಿಮಿಷ. ಈಜು, ಸೈಕಲ್ ಎರಡೂ ಸೇರಿ ಹತ್ತೂವರೆ ಗಂಟೆ. ಒಟ್ಟು 17 ಗಂಟೆ. ಒಂದು ಸೆಕೆಂಡು ದಾಟಿದರೂ ಪಟ್ಟಿಯಲ್ಲಿ ಹೆಸರಿಲ್ಲ.

ಜಪಾನಿನ ಹಿರೋಮು ಇನಾಡಾ ಎಂಬ ನಿವೃತ್ತ ವರದಿಗಾರರ ಕತೆ ಕೇಳಿ. ಅವರು ಟ್ರಯಥ್ಲಾನಿಗೆ ಇಳಿದದ್ದೇ 70ರ ವಯಸ್ಸಿನಲ್ಲಿ. ನಮ್ಮಲ್ಲಾದರೆ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ವಯಸ್ಸು! 2015ರಲ್ಲಿ ಕೋನಾದಲ್ಲಿ ದಿನವಿಡೀ ಹೋರಾಡಿ, ಗೆರೆಯ ಹತ್ತಿರ ಕುಸಿದು, ಐದಾರು ಸೆಕೆಂಡು ತಡವಾಗಿ ಮುಟ್ಟಿದರು. ಐದಾರು ಸೆಕೆಂಡು ಸ್ವಾಮಿ! ಅಂಗಡಿಯಲ್ಲಿ ಚಿಲ್ಲರೆ ಎಣಿಸುವಷ್ಟು ಹೊತ್ತೂ ಅಲ್ಲ. ಇನ್ನೊಬ್ಬರಾದರೆ ಅಲ್ಲಿಗೇ ಕೈ ಮುಗಿಯುತ್ತಿದ್ದರು. ಇವರು ಬಿಡಲಿಲ್ಲ. 2018ರಲ್ಲಿ, 85ರ ಹರೆಯದಲ್ಲಿ, 16 ಗಂಟೆ 53 ನಿಮಿಷಕ್ಕೆ ಮುಗಿಸಿದರು. ಅಮೆರಿಕದ ಕ್ರೈಸ್ತ ಸನ್ಯಾಸಿನಿ ಮಡೋನಾ ಬ್ಯೂಡರ್ ಕೂಡ 2012ರಲ್ಲಿ ಕೆನಡಾದ ಸ್ಪರ್ಧೆ ಮುಗಿಸಿದಾಗ ಅವರಿಗೆ 82.

ನಮ್ಮ ಕಡೆಗೂ ಬಂತು

ಇದೆಲ್ಲ ಪರದೇಶದ ಮಾತಾಯಿತು ಎನ್ನಬೇಡಿ. ಬೆಂಗಳೂರಿನಲ್ಲಿ ಪೇಟೆಂಟ್ ಕೆಲಸದ ಸಂಸ್ಥೆ ನಡೆಸುತ್ತಿದ್ದ ಅನು ವೈದ್ಯನಾಥನ್ 2009ರಲ್ಲಿ ಕೆನಡಾದ 'ಅಲ್ಟ್ರಾಮ್ಯಾನ್' ಮುಗಿಸಿ ಬಂದರು. ಅದು ಮೂರು ದಿನದ ಪಾಡು. 10 ಕಿಲೋಮೀಟರ್ ಈಜು, ಸುಮಾರು 420 ಕಿಲೋಮೀಟರ್ ಸೈಕಲ್, 84 ಕಿಲೋಮೀಟರ್ ಓಟ. ಸಿನಿಮಾದ ಮಿಲಿಂದ್ ಸೋಮನ್ 2015ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಜ್ಯೂರಿಕ್‌ನ ಪೂರ್ಣ ಐರನ್‌ಮ್ಯಾನ್ ಸ್ಪರ್ಧೆಯನ್ನು 15 ಗಂಟೆ 19 ನಿಮಿಷದಲ್ಲಿ ಮುಗಿಸಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು.

2019ರಲ್ಲಿ ಪಕ್ಕದ ಗೋವಾಕ್ಕೇ ಅರ್ಧ ದೂರದ ಸ್ಪರ್ಧೆ ಬಂತು. 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. ಒಟ್ಟು 70.3 ಮೈಲಿ ಆಗುವುದರಿಂದ ಹೆಸರೂ ಅದೇ. ಪಾಸ್‌ಪೋರ್ಟು ಬೇಡ, ವಿಮಾನ ಬೇಡ, ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಹೋಗಬಹುದು. ನಮ್ಮ ಊರುಗಳ ರಸ್ತೆಯಲ್ಲಿ ಸೈಕಲ್ಲುಗಳು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರಿನಲ್ಲಿ ಅಲ್ಲಿ 8 ಗಂಟೆ 27 ನಿಮಿಷಕ್ಕೆ ಮುಗಿಸಿದರು. ಪಕ್ಷದ ಮಾತು ಇಲ್ಲಿ ಬೇಡ. ಈ ದೂರಕ್ಕೆ ಸಾಮಾನ್ಯ ಕಾಲಮಿತಿ ಎಂಟೂವರೆ ಗಂಟೆ. ಸಂಸದರೇ ಆಗಲಿ, ಸಾಮಾನ್ಯನೇ ಆಗಲಿ, ಗಡಿಯಾರಕ್ಕೆ ಶಿಫಾರಸು ನಡೆಯುವುದಿಲ್ಲ.

ಮನೆಯವರ ಖಾತೆ

ಈಗ ಕಹಿ ಮಾತು. ಅಂಗಡಿಯವರಿಗೆ ಗೊತ್ತು, ಯಾವ ಸರಕೂ ಪುಕ್ಕಟೆ ಬರುವುದಿಲ್ಲ. ಸ್ಪರ್ಧೆಯ ಫೀಸು, ಸೈಕಲ್ಲು, ಶೂ, ಇವು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಹೊತ್ತಿನದು. ಕೆಲಸ ಇಟ್ಟುಕೊಂಡು ತಯಾರಾಗುವವನು ತಿಂಗಳುಗಟ್ಟಲೆ ವಾರಕ್ಕೆ ಹತ್ತು ಹನ್ನೆರಡು ಗಂಟೆ ಇದಕ್ಕೇ ಕೊಡಬೇಕು. ಆ ಹೊತ್ತು ಎಲ್ಲಿಂದ ಬರುತ್ತದೆ? ಭಾನುವಾರದ ಬೆಳಗಿನಿಂದ, ಮಕ್ಕಳ ಹೋಂವರ್ಕಿನಿಂದ, ಹೆಂಡತಿಯ ತವರಿನ ಮದುವೆಯಿಂದ. ಓಡುವವನು ಒಬ್ಬನಾದರೂ ಕಂತು ಕಟ್ಟುವವರು ಇಡೀ ಮನೆಯವರು. ಆದ್ದರಿಂದ ಫಾರಂ ತುಂಬುವ ಮೊದಲು ಮನೆಯಲ್ಲಿ ಒಂದು ಮಾತು ಕೇಳುವುದು ಮರ್ಯಾದೆ.

ದೇಹದ ಖಾತೆಯೂ ಇದೆ. ನಲವತ್ತು ದಾಟಿದವರು ಎದೆ ತಪಾಸಣೆ ಮಾಡಿಸದೆ ಇಳಿಯಬಾರದು. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಜೋರು ದುಡಿಮೆಯಲ್ಲಿ ಎರಡು ಗಂಟೆ ಬಂದರೆ ಹೆಚ್ಚು. ಆಮೇಲೆ ದಾರಿಯಲ್ಲೇ ತಿನ್ನುತ್ತಾ ಹೋಗಬೇಕು. ಬಾಳೆಹಣ್ಣು, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ ಸಾಕು, ದುಬಾರಿ ಪೊಟ್ಟಣವೇ ಆಗಬೇಕೆಂದಿಲ್ಲ. ನೀರಿನ ವಿಷಯದಲ್ಲಿ ಎಚ್ಚರ. ಕಡಿಮೆ ಕುಡಿದರೆ ತಲೆ ಸುತ್ತು. ಬರೀ ನೀರನ್ನೇ ಗಟಗಟ ವಿಪರೀತ ಕುಡಿದರೆ ರಕ್ತದ ಉಪ್ಪಿನ ಅಂಶ ಇಳಿದು ಜೀವಕ್ಕೇ ಕುತ್ತು ಬರಬಹುದು. ಬಾಯಾರಿದಷ್ಟು ಕುಡಿ, ಉಪ್ಪು ಮರೆಯಬೇಡ. ಇದು ಗಾದೆಯಂತೆ ನೆನಪಿಡಬೇಕಾದ ಮಾತು.

ಇನ್ನು ರಸ್ತೆ. ಸರ್ವಿಸ್ ರಸ್ತೆಯಲ್ಲಿ ಎದುರಿಗೆ ನುಗ್ಗುವ ಟ್ರ್ಯಾಕ್ಟರು, ಹಿಂದಿನಿಂದ ಹಾರ್ನ್ ಒತ್ತುತ್ತಾ ಬರುವ ಬಸ್ಸು, ಒಣಗಲು ಹಾಕಿದ ರಾಗಿ ತೆನೆ, ದೀಪವಿಲ್ಲದ ತಿರುವು. ಹವಾಯಿಯ ಅಡ್ಡಗಾಳಿಗಿಂತ ಇದು ಕಷ್ಟದ ಪರೀಕ್ಷೆ. ಬಸ್ಸು, ಲಾರಿ ಓಡಿಸುವ ಅಣ್ಣಂದಿರಲ್ಲಿ ಒಂದು ಮನವಿ. ಸೈಕಲ್ ದಾಟುವಾಗ ಒಂದು ಮಾರು ಜಾಗ ಬಿಡಿ. ಆ ಸವಾರ ಟ್ರಯಥ್ಲಾನಿನವನೇ ಇರಬಹುದು, ಹಾಲು ಹಾಕುವ ಹುಡುಗನೇ ಇರಬಹುದು. ಜೀವ ಒಂದೇ. ಸವಾರರೂ ಅಷ್ಟೇ, ಹಿಂದೆ ಕೆಂಪು ದೀಪವಿಲ್ಲದೆ ಕತ್ತಲಲ್ಲಿ ರಸ್ತೆಗೆ ಇಳಿಯಬೇಡಿ.

ಕೊನೆಯ ಗಂಟೆ

ಹಾಗಾದರೆ ಉತ್ತರ ಏನು? ಯಾಕೆ ಈ ಪಾಡು?

ಕೋನಾದಲ್ಲಿ ಒಂದು ರೂಢಿ ಬೆಳೆದು ಬಂದಿದೆ. ಗೆದ್ದವರು ಮಧ್ಯಾಹ್ನವೇ ಮುಗಿಸಿ, ಸ್ನಾನ ಊಟ ಮಾಡಿ, ಬೇಕಾದರೆ ಮಲಗಬಹುದು. ಆದರೆ ನಡುರಾತ್ರಿ ಹತ್ತಿರವಾಗುತ್ತಿದ್ದಂತೆ ಅವರೇ ಎದ್ದು ಗೆರೆಯ ಬಳಿಗೆ ಬರುತ್ತಾರೆ. ಊರಿನವರೂ ಸೇರುತ್ತಾರೆ. ಕತ್ತಲಿನಿಂದ ಒಬ್ಬೊಬ್ಬರೇ ಕಾಲೆಳೆದುಕೊಂಡು ಬರುತ್ತಾರೆ. ಮಧ್ಯಾಹ್ನ ಗೆದ್ದವನಿಗೆ ಬಿದ್ದ ಚಪ್ಪಾಳೆಗಿಂತ ಈ ಕೊನೆಯವರಿಗೆ ಬೀಳುವ ಚಪ್ಪಾಳೆ ಜೋರು. ಚಾಂಪಿಯನ್ ಎಂಟೊಂಬತ್ತು ಗಂಟೆ ಕಷ್ಟಪಟ್ಟ, ಇವನು ಅದರ ಎರಡರಷ್ಟು ಹೊತ್ತು ಕಷ್ಟಪಟ್ಟಿದ್ದಾನೆ ಎಂಬುದು ಚಾಂಪಿಯನ್‌ಗೆ ಚೆನ್ನಾಗಿ ಗೊತ್ತು.

ಲೋಕದಲ್ಲಿ ಎಲ್ಲ ಕಡೆ ಮೊದಲಿಗನಿಗೆ ಹಾರ. ರ‍್ಯಾಂಕ್ ಬಂದವನ ಫೋಟೋ ಪತ್ರಿಕೆಯಲ್ಲಿ, ಪಾಸಾದವನದು ಮನೆಯ ಗೋಡೆಯ ಮೇಲೂ ಇಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುವ ಅಂಗಡಿಯವನಿಗೆ, ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗಿ ಬರುವವನಿಗೆ ಚಪ್ಪಾಳೆ ತಟ್ಟಿದವರು ಯಾರು? ಅಂಥವರೇ ವರ್ಷಕ್ಕೊಂದು ದಿನ, ಸ್ವಂತ ಕಾಸಿನಲ್ಲಿ, ಶುರು ಮಾಡಿದ್ದನ್ನು ಮುಗಿಸಿ ತೋರಿಸುವ ಜಾಗ ಇದು. ಅಲ್ಲಿ ಅವನ ಹೆಸರು ಕೂಗುತ್ತಾರೆ. ಫೀಸು ಕಟ್ಟುವುದು ಅದಕ್ಕೇ.