ನೆಂಟರಿಗೊಂದು ಜಗಲಿ

ಮಲೆನಾಡಿನ ಹಳೆಯ ಮನೆಯಲ್ಲಿ ಬಂದವರನ್ನು ಮೊದಲು ಬರಮಾಡಿಕೊಳ್ಳುತ್ತಿದ್ದುದು ಜಗಲಿ. ಅಂಗಳ ದಾಟಿ, ಕಾಲು ತೊಳೆದು ಮೆಟ್ಟಿಲೇರಿದರೆ ಅಲ್ಲೊಂದು ಚಾಪೆ, ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಬಂದವನು ನೆಂಟನೇ ಇರಲಿ, ದಾರಿಹೋಕನೇ ಇರಲಿ, ಕುಳಿತಲ್ಲಿಂದಲೇ ಅವನಿಗೆ ಎದುರಿನ ಗದ್ದೆ, ಬದಿಯ ಅಡಿಕೆ ತೋಟ, ಅದರ ಮೇಲಿನ ಕಾಡು ಕಾಣುತ್ತಿದ್ದವು. ಊರನ್ನು ಪರಿಚಯಿಸಲು ಬೇರೆ ಏರ್ಪಾಡೇ ಬೇಕಿರಲಿಲ್ಲ.

ಈಗಿನ ಅತಿಥಿ ಹಣ ಕೊಟ್ಟು ಬರುತ್ತಾನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ರಸ್ತೆ ಬದಿಯಲ್ಲಿ ‘ಹೋಂ ಸ್ಟೇ’ ಫಲಕಗಳು ಸಾಮಾನ್ಯ ನೋಟವಾಗಿವೆ. ಶಾರದಾಂಬೆಯ ದರ್ಶನಕ್ಕೆ, ಕಿಗ್ಗದ ಬಳಿಯ ಸಿರಿಮನೆ ಜಲಪಾತಕ್ಕೆ, ಭದ್ರಾ ಹಿನ್ನೀರಿಗೆ ಬಂದವರು ಒಂದೆರಡು ರಾತ್ರಿ ತಂಗಲು ಬಯಸುತ್ತಾರೆ. ಅವರಿಗಾಗಿ ಗುಡ್ಡ ಕಡಿದು ಕಾಂಕ್ರೀಟ್ ಕಾಟೇಜು ಕಟ್ಟಬೇಕೆ, ಇರುವ ಮನೆಯನ್ನೇ ಸಜ್ಜುಗೊಳಿಸಬೇಕೆ? ಉತ್ತರ ಬೇಕಾದರೆ ಹಳೆಯ ಮನೆಯ ರಚನೆಯನ್ನು ಕೊಂಚ ಬಿಡಿಸಿ ನೋಡಬೇಕು.

ಇಲ್ಲಿನ ಮನೆಗಳಿಗೆ ಮಳೆಯೇ ಮೊದಲ ಮೇಸ್ತ್ರಿ. ಘಟ್ಟದ ಅಂಚಿನಲ್ಲಿರುವ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಪೂರ್ವಕ್ಕೆ ಸರಿದಂತೆ ಅದರ ಅಬ್ಬರ ಇಳಿಯುತ್ತದೆ. ಶೃಂಗೇರಿ ಕಡೆಯ ಜಡಿಮಳೆ ನರಸಿಂಹರಾಜಪುರ ತಲುಪುವಾಗ ಬಹಳ ತಗ್ಗಿರುತ್ತದೆ. ಮಳೆ ಬಾರದಿದ್ದಾಗ ಬರಲೆಂದೂ, ವಿಪರೀತವಾದಾಗ ನಿಲ್ಲಲೆಂದೂ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮೊರೆಯಿಡುವ ಸೀಮೆ ಇದು.

ಈ ಮಳೆಗೆ ಜನ ಕಂಡುಕೊಂಡ ಉತ್ತರವೇ ತೊಟ್ಟಿಮನೆ. ಕಡಿದಾದ ಮಾಡು ನೀರನ್ನು ನಿಲ್ಲಗೊಡುವುದಿಲ್ಲ. ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು ಮಣ್ಣಿನ ಗೋಡೆಗೆ ಎರಚಲು ತಾಗದಂತೆ ಕಾಯುತ್ತದೆ. ಮಾಡಿಗೆ ಹಿಂದೆ ಹುಲ್ಲು, ಅಡಿಕೆ ಸೋಗೆ ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಕ್ರಮೇಣ ಘಟ್ಟವನ್ನೂ ಹತ್ತಿತು. ನಡುವಿನ ತೊಟ್ಟಿ ಒಳಗಿನ ಕೋಣೆಗಳಿಗೆ ಬೆಳಕು ಕೊಡುತ್ತದೆ, ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ದಪ್ಪ ಗೋಡೆ ಹಗಲಿನ ಬಿಸಿಲನ್ನು ಬೇಗ ಒಳಗೆ ಬಿಡುವುದಿಲ್ಲ. ಇಂಥ ಮನೆಗೆ ಏಸಿಯ ಹಂಗಿಲ್ಲ. ಇದನ್ನು ಕಣ್ಣಾರೆ ಕಾಣಬಯಸುವವರು ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಬಹುದು. ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಯ ತವರಿನಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ. ಅಲ್ಲಿನ ಅವರ ತೊಟ್ಟಿಮನೆ ಈಗ ‘ಕವಿಮನೆ’ ಎಂಬ ಸ್ಮಾರಕ.

ಮನೆಯ ರಚನೆಯಷ್ಟೇ ಮುಖ್ಯವಾದದ್ದು ಅದು ಕುಳಿತ ಜಾಗ. ಹಿಂದೆ ಕಾಡಿನ ಗುಡ್ಡ, ಮುಂದೆ ಕಣಿವೆಯ ತೋಟ ಅಥವಾ ಗದ್ದೆ, ಇವೆರಡರ ನಡುವಿನ ಸಮತಟ್ಟಿನಲ್ಲಿ ಮನೆ. ನೋಟ ಚೆನ್ನಾಗಿದೆಯೆಂದು ಗುಡ್ಡದ ನೆತ್ತಿಗೇರಿ ಕಟ್ಟಿದವರು ವಿರಳ. ಇಂದು ಆ ನೋಟಕ್ಕೇ ಬೆಲೆ. ಅದಕ್ಕಾಗಿ ಜೆಸಿಬಿ ತಂದು ಇಳಿಜಾರಿನ ಬುಡ ಕಡಿದರೆ, ಮೇಲಿನ ಮಣ್ಣಿಗಿದ್ದ ಆಧಾರ ತಪ್ಪುತ್ತದೆ. ನೀರು ಕುಡಿದು ಭಾರವಾದ ಮಣ್ಣು ಒಂದು ರಾತ್ರಿ ಜಾರಿಬಿಡಬಹುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೂ ಎಚ್ಚರ ಬಾರದಿದ್ದರೆ ಹೇಗೆ? ಇಂಥ ನೆಲದಲ್ಲಿ ಕಟ್ಟುವವನು ಕೇಳಬೇಕಾದ ಮೊದಲ ಪ್ರಶ್ನೆ ‘ಇಲ್ಲಿಂದ ಏನು ಕಾಣುತ್ತದೆ’ ಎಂಬುದಲ್ಲ, ‘ಇಲ್ಲಿ ನೀರು ಯಾವ ಕಡೆಗೆ ಹರಿಯುತ್ತದೆ’ ಎಂಬುದು.

ನೀರಿನ ವಿಷಯದಲ್ಲಿ ಹಳಬರ ಲೆಕ್ಕ ಚೊಕ್ಕವಾಗಿತ್ತು. ಗುಡ್ಡದ ಒರತೆಯನ್ನು ಅಡಿಕೆ ಮರದ ದಂಬೆಗಳಲ್ಲಿ ಹರಿಸಿ ಅಂಗಳಕ್ಕೆ ತರುತ್ತಿದ್ದರು. ಪಂಪೂ ಇಲ್ಲ, ಖರ್ಚೂ ಇಲ್ಲ. ಬಚ್ಚಲಿನ ನೀರು ಹಿತ್ತಲಿನ ಬಾಳೆಗೆ, ಕೆಸುವಿಗೆ. ಈಗ ದಂಬೆಯ ಜಾಗಕ್ಕೆ ಪೈಪು ಬಂದಿದೆ. ಹಳ್ಳದ ಇಳಿಜಾರು ಬಳಸಿ 1 ಕಿಲೋವ್ಯಾಟ್ ಆಸುಪಾಸಿನ ವಿದ್ಯುತ್ ಉತ್ಪಾದಿಸುವ ಪುಟ್ಟ ಯಂತ್ರಗಳನ್ನೂ ಮಲೆನಾಡಿನ ಕೃಷಿಕರು ಹಾಕಿಕೊಂಡಿದ್ದಾರೆ. ಹರಿವು ಇರುವವರೆಗೆ ಯಂತ್ರ ತಿರುಗುತ್ತಲೇ ಇರುತ್ತದೆ. ದೀಪಗಳಿಗೆ ಬೇಡವಾದ ವಿದ್ಯುತ್ತನ್ನು ಸ್ನಾನದ ನೀರು ಕಾಯಿಸಲು ತಿರುಗಿಸಬಹುದು. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಯಂತ್ರವೂ ನಿಲ್ಲುತ್ತದೆ. ಆ ಮಿತಿಯೂ ಅತಿಥಿಗೆ ಒಂದು ಪಾಠವೇ.

ಮಿತಿ ಎಂಬುದೇ ಇಲ್ಲಿ ಮುಖ್ಯ ಮಾತು. ಒಂದು ಒರತೆ ಎಷ್ಟು ಜನರ ಸ್ನಾನಕ್ಕೆ ಸಾಕು? ಒಂದು ಶೌಚದ ಗುಂಡಿ ಬಾವಿಯ ನೀರು ಕೆಡಿಸದೆ ಎಷ್ಟನ್ನು ತಾಳೀತು? ಜಂಬಿಟ್ಟಿಗೆಯ ನೆಲದಲ್ಲಿ ರಂಧ್ರಗಳು ಹೆಚ್ಚು. ಗುಂಡಿಯ ಹೊಲಸು ದೂರಕ್ಕೂ ಜಿನುಗಬಲ್ಲದು. ಇದೆಲ್ಲಕ್ಕಿಂತ ಹೆಚ್ಚಾಗಿ, ಒಬ್ಬ ಗೃಹಿಣಿ ಎಷ್ಟು ಜನರಿಗೆ ಕಡುಬು ಬೇಯಿಸಬಲ್ಲಳು? ಇಪ್ಪತ್ತು ಮಂದಿ ಬಂದಿಳಿದರೆ ಯಜಮಾನ ಜಗಲಿಯಲ್ಲಿ ಮಾತನಾಡುತ್ತಾನೆ, ಒಲೆಯ ಮುಂದೆ ಬೇಯುವವಳು ಆಕೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವಸತಿ-ಉಪಾಹಾರ ಯೋಜನೆಯಲ್ಲಿಯೂ ಮನೆಯವರು ಅಲ್ಲೇ ವಾಸಿಸಬೇಕು, ಕೊಡುವ ಕೋಣೆಗಳು 6, ಹಾಸಿಗೆಗಳು 12 ಮೀರಬಾರದು ಎಂಬ ಕಟ್ಟಳೆಯಿದೆ. ಈ ಲೆಕ್ಕ ಮೀರಿದರೆ ಅದು ಮನೆಯಾಗಿ ಉಳಿಯುವುದಿಲ್ಲ, ಲಾಡ್ಜಾಗುತ್ತದೆ.

ಹಾಗಾದರೆ ಅತಿಥಿಗಳೇ ಬೇಡವೆ? ಬೇಕು. ಅಡಿಕೆಗೆ ಹಳದಿ ಎಲೆ ರೋಗ ಬಂದು ದಶಕಗಳೇ ಕಳೆದಿವೆ. ಅದರ ಮೇಲೆ ಎಲೆಚುಕ್ಕಿ ರೋಗ. ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ. ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು. ವರ್ಷವರ್ಷ ಹೆಂಚು ಕೈಯಾಡಿಸಲು ಜನವಿಲ್ಲ, ಹಣವಿಲ್ಲ. ಒಂದು ಮಳೆಗಾಲ ಸೋರಿದರೆ ತೊಲೆ ಲಡ್ಡಾಗುತ್ತದೆ. ಕೊನೆಗೆ ಮನೆ ಬಿಚ್ಚಿ ಕಂಬ, ಬಾಗಿಲುಗಳನ್ನು ಮಾರುವುದೊಂದೇ ದಾರಿ. ಮಲೆನಾಡಿನ ಕಂಬ ಪೇಟೆಯ ಹೋಟೆಲಿನ ಅಲಂಕಾರವಾಗುವುದಕ್ಕಿಂತ, ಆ ಕಂಬಕ್ಕೆ ಒರಗಿ ಕುಳಿತುಕೊಳ್ಳಲು ಪೇಟೆಯವರೇ ಇಲ್ಲಿಗೆ ಬರುವುದು ಮೇಲಲ್ಲವೆ? ಖಾಲಿ ಬಿದ್ದ ಎರಡು ಕೋಣೆ ದುರಸ್ತಿ ಮಾಡಿ, ಒಂದು ಒಳ್ಳೆಯ ಶೌಚಾಲಯ ಸೇರಿಸಿದರೆ ಆರಂಭಕ್ಕೆ ಸಾಕು. ಹಿತ್ತಲಿನ ಕೆಸುವಿನ ಎಲೆಯ ಪತ್ರೊಡೆ, ಮಳೆಗಾಲದ ಕಳಲೆ, ಬೇಸಿಗೆಯ ಹಲಸು – ಊಟದ ಪಟ್ಟಿಯನ್ನು ಋತುವೇ ಬರೆದುಕೊಡುತ್ತದೆ.

ಅತಿಥಿ ಕೊಟ್ಟ ಹಣ ಹೆಂಚಿಗೆ, ತೊಲೆಗೆ, ಮನೆಯೊಡತಿಯ ಕೈಗೆ ಸಲ್ಲಬೇಕು. ಬದಲಿಗೆ ಅವನಿಗೆ ಸಿಗುವುದು ಹಳೆಯದೇ: ಒಂದು ಚೊಂಬು ನೀರು, ಬೆಲ್ಲ, ಮತ್ತು ಸೂರಿನಂಚಿನಿಂದ ಇಳಿಯುವ ಮಳೆಯನ್ನು ನೋಡುತ್ತ ಕೂರಲು ಒಂದು ಜಗಲಿ.